ಸವಾಯಿ ಗಂಧರ್ವರ ನಿಜವಾದ ಹೆಸರೇನು?

ಕಾಲೇಜಿನ ರಸಪ್ರಶ್ನೆಯಲ್ಲಿ ನಮ್ಮ ತಂಡಕ್ಕೆ ಸವಾಯಿ ಗಂಧರ್ವರ ನಿಜವಾದ ಹೆಸರು ಕೇಳಿದರು. ಅವರು ಕುಂದಗೋಳದವರು, ಭೀಮಸೇನ ಜೋಶಿಯವರ ಗುರುಗಳು ಎಂಬುದೆಲ್ಲ ನನಗೆ ಗೊತ್ತಿತ್ತು. ಹೆಸರೂ ಗೊತ್ತಿತ್ತು. ಆದರೆ ಅದು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ಸಮಯ ಮುಗಿದು ಮೆಟ್ಟಿಲು ಇಳಿಯುವಾಗ ತಾನಾಗಿಯೇ ನೆನಪಾಯಿತು: ರಾಮಚಂದ್ರ ಗಣೇಶ ಸೌಂಶಿ. ಹೀಗೇಕಾಯಿತು ಎಂದು ತಿಳಿಯಲು ಅವರ ಜೀವನವನ್ನೇ ಓದಿದೆ.

ರಾಮಚಂದ್ರ ಹುಟ್ಟಿದ್ದು 1886ರ ಜನವರಿ 19ರಂದು, ಹುಬ್ಬಳ್ಳಿ ಹತ್ತಿರದ ಅಮರಗೋಳದಲ್ಲಿ. ತಂದೆ ಗುಮಾಸ್ತರು. ಹುಡುಗನಿಗೆ ಶಾಲೆಗಿಂತ ಹಾಡಿನ ಮೇಲೆ ಮನಸ್ಸು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ನಾಡಿಗೇರ ವಾಡೆಗೆ ಬರುತ್ತಿದ್ದರು. ಎಂಟು ವರ್ಷ ಕಲಿಯಬೇಕು ಎಂಬ ಷರತ್ತಿನ ಮೇಲೆ ಅವರು ಈ ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಉತ್ತರ ಪ್ರದೇಶದ ಕೈರಾನಾ ಊರಿನ ಉಸ್ತಾದರ ವಿದ್ಯೆ ನಮ್ಮ ಕರಿಮಣ್ಣಿನ ಊರಿಗೆ ಇಳಿದದ್ದು ಹೀಗೆ.

ಕಲಿತ ಮೇಲೆ ಅವರು, ಗುರುಗಳಿಗೆ ಇಷ್ಟವಿಲ್ಲದಿದ್ದರೂ, ಮರಾಠಿ ನಾಟಕ ಕಂಪನಿ ಸೇರಿ ಸ್ತ್ರೀ ಪಾತ್ರ ಮಾಡಿದರು. ಆಗ ಮರಾಠಿ ರಂಗಭೂಮಿಯಲ್ಲಿ ಬಾಲ ಗಂಧರ್ವರ ಹೆಸರು ದೊಡ್ಡದು. ಇವರ ಹಾಡು ಕೇಳಿ ಮೆಚ್ಚಿದವರು ಇವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಕೊಟ್ಟರು. ಸವಾಯಿ ಎಂದರೆ ಒಂದೂಕಾಲು, ಅಂದರೆ ಒಂದು ಕೈ ಮೇಲು. ನಮ್ಮ ಮನೆಯಲ್ಲಿ ನೂರಾ ಇಪ್ಪತ್ತೈದಕ್ಕೆ ಸವಾ ಸೌ ಎನ್ನುತ್ತೇವೆ. ಹಾಗಾಗಿ ಈ ಬಿರುದನ್ನು ನಾನು ಒಮ್ಮೆ ಕೇಳಿದವನು ಮರೆಯಲೇ ಇಲ್ಲ.

ಗುಟ್ಟು ಇಲ್ಲಿಯೇ ಇದೆ. ಮೆದುಳಿನಲ್ಲಿ ಒಂದು ವಿಷಯಕ್ಕೆ ಎಷ್ಟು ದಾರಿಗಳಿವೆಯೋ ಅಷ್ಟು ಬೇಗ ಅದು ಸಿಗುತ್ತದೆ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಂದೇ ಪದವನ್ನು ಒಬ್ಬರ ಉದ್ಯೋಗ ಎಂದು ಹೇಳಿದಾಗ ಜನ ನೆನಪಿಟ್ಟರು, ಅಡ್ಡಹೆಸರು ಎಂದು ಹೇಳಿದಾಗ ಹೆಚ್ಚಾಗಿ ಮರೆತರು. ನಮ್ಮ ಕಡೆ ಹೇಳುವುದಾದರೆ, ಬಡಿಗತನ ಮಾಡುವವನು ಎಂದರೆ ಕಟ್ಟಿಗೆ, ಗರಗಸ, ಬಾಗಿಲು ಎಲ್ಲ ಕಣ್ಣಿಗೆ ಬರುತ್ತವೆ. ಬಡಿಗೇರ ಎಂಬ ಅಡ್ಡಹೆಸರಿನವರು ಬ್ಯಾಂಕಿನಲ್ಲೂ ಇರಬಹುದು. ಹೆಸರು ಬರೀ ಗುರುತಿನ ಚೀಟಿ. ಅದಕ್ಕೆ ಹೋಗುವ ದಾರಿ ಒಂದೇ, ಅದೂ ಕಾಲುದಾರಿ. ಮೆದುಳಿನ ಎಡಭಾಗದಲ್ಲಿ, ಕಿವಿಯ ಮುಂದಿನ ತುದಿಗೆ ಪೆಟ್ಟಾದ ಕೆಲವರಿಗೆ ಎದುರಿನವರು ಯಾರೆಂದು ಗೊತ್ತಾಗುತ್ತದೆ, ಹೆಸರು ಮಾತ್ರ ಬರುವುದಿಲ್ಲ. ಹೆಸರು ಸಿಗದಿದ್ದರೆ ಮನುಷ್ಯನನ್ನೇ ಮರೆತಂತೆ ಅಲ್ಲ.

ನಡೆದಷ್ಟೂ ಕಾಲುದಾರಿ ಸವೆದು ಸ್ಪಷ್ಟವಾಗುತ್ತದೆ. ರಾಮಭಾವು ಕುಂದಗೋಳಕರರು ಪಾಠ ಹೇಳುತ್ತಿದ್ದದ್ದೂ ಹಾಗೆಯೇ, ಒಂದೊಂದು ರಾಗವನ್ನು ತಿಂಗಳುಗಟ್ಟಲೆ. ಗಂಗೂಬಾಯಿ ಹಾನಗಲ್ಲರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಕೂಡ ಇವರ ಶಿಷ್ಯರು. ಮುಂದೆ ಪಾರ್ಶ್ವವಾಯು ಬಡಿದು ಕಛೇರಿ ನಿಂತಿತು, ಪಾಠ ನಿಲ್ಲಲಿಲ್ಲ. 1952ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಇಂದಿಗೂ ಪುಣೆಯಲ್ಲಿ ಮತ್ತು ನಮ್ಮ ಕುಂದಗೋಳದಲ್ಲಿ ಅವರ ಹೆಸರಿನ ಸಂಗೀತೋತ್ಸವ ನಡೆಯುತ್ತದೆ. ಆ ಹೆಸರು ಸೌಂಶಿ ಅಲ್ಲ, ಸವಾಯಿ ಗಂಧರ್ವ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ದಾದಿ ಈಗ ನನ್ನನ್ನು ಕರೆಯುವಾಗ ಅಪ್ಪನ ಹೆಸರು, ಚಾಚಾನ ಹೆಸರು ಎಲ್ಲ ಹೇಳಿ ಕೊನೆಗೆ ಸುಮ್ಮನಾಗುತ್ತಾರೆ. ನನ್ನ ಹೆಸರು ಹೇಳಿ ನೋಡೋಣ ಎಂದು ನಾನು ಹಲವು ಸಲ ಪರೀಕ್ಷೆ ಮಾಡಿದ್ದೆ. ಅವರ ಕಣ್ಣಲ್ಲಿ ನೀರು ಬಂದದ್ದನ್ನೂ ನೋಡಿದ್ದೆ. ಆದರೆ ನನಗೆ ಚಹಾಕ್ಕೆ ಸಕ್ಕರೆ ಕಡಿಮೆ ಬೇಕು ಎಂಬುದನ್ನು ಅವರು ಒಂದು ದಿನವೂ ಮರೆತಿಲ್ಲ. ಈಗ ಮನೆಗೆ ಹೋದ ಕೂಡಲೇ ಸಲಾಂ ಹೇಳಿ, ನನ್ನ ಹೆಸರನ್ನು ನಾನೇ ಮೊದಲು ಹೇಳುತ್ತೇನೆ.