ಹಿಂದೆ ಸರಿದು ಹತ್ತಿರವಾದ ಗುರುದತ್

ಗುರುದತ್ ಹುಟ್ಟಿ 2025ರ ಜುಲೈ 9ಕ್ಕೆ ನೂರು ವರ್ಷ ತುಂಬಿತು. ಅವರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಅವರ ವಿಷಾದವನ್ನೂ ಅಕಾಲ ಮರಣವನ್ನೂ ನೆನೆಯುತ್ತೇವೆ. ನನಗೆ ಅವರು ಮುಖ್ಯರಾಗುವುದು ಅದಕ್ಕಿಂತ ಸಣ್ಣದೆಂದು ತೋರುವ ಒಂದು ಕಾರಣಕ್ಕೆ. ಮನುಷ್ಯನ ಮುಖವನ್ನು ಎಷ್ಟು ದೂರದಿಂದ ನೋಡಬೇಕೆಂಬ ಪ್ರಶ್ನೆಗೆ ಅವರು ಒಂದು ಉತ್ತರ ಕಂಡುಕೊಂಡಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಮದುವೆಗಳಲ್ಲಿ ಕ್ಯಾಮೆರಾ ಹಿಡಿದು ದುಡಿಯುವ ತರುಣರು ಭಾವಚಿತ್ರಕ್ಕೆ ಯಾವ ಲೆನ್ಸ್ ಕೊಳ್ಳಬೇಕೆಂದು ಕೇಳಿದಾಗ ನಾನು ಕಂಪನಿಗಳ ಹೆಸರು ಹೇಳುವುದಿಲ್ಲ. ಈ ಮನುಷ್ಯನ ಕಥೆ ಹೇಳುತ್ತೇನೆ.

1925ರಲ್ಲಿ ಬೆಂಗಳೂರಿನಲ್ಲಿ, ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಆತನಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ. ಬಾಲ್ಯದ ಅವಘಡವೊಂದರ ನಂತರ ಗುರುದತ್ ಎಂಬ ಹೆಸರಾಯಿತು. ತಂದೆ ಶಿವಶಂಕರ ರಾವ್ ಪಡುಕೋಣೆ ಮೊದಲು ಉಪಾಧ್ಯಾಯರು, ನಂತರ ಬ್ಯಾಂಕಿನ ಗುಮಾಸ್ತರು. ತಾಯಿ ವಾಸಂತಿ ಬರಹಗಾರ್ತಿ. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗ ತೀರಿಕೊಂಡ ಮೇಲೆ ಅವನ ಜೀವನಚರಿತ್ರೆಯನ್ನು ಆಕೆ ಬರೆದದ್ದೂ ಕನ್ನಡದಲ್ಲಿಯೇ. ಬಾಲ್ಯದ ಬಹುಭಾಗ ಕಲ್ಕತ್ತದ ಭವಾನೀಪುರದಲ್ಲಿ ಕಳೆಯಿತು. ಸಂಜೆ ಅಜ್ಜಿ ಹಚ್ಚಿದ ದೀಪದ ಮುಂದೆ ಬೆರಳಾಡಿಸಿ ಗೋಡೆಯ ಮೇಲೆ ನೆರಳಿನ ಚಿತ್ರ ಮೂಡಿಸುವುದು ಹುಡುಗನ ಆಟವಾಗಿತ್ತೆಂದು ಅವರ ತಂಗಿ, ಕಲಾವಿದೆ ಲಲಿತಾ ಲಾಜ್ಮಿ ನೆನೆಯುತ್ತಿದ್ದರು. ಚಿತ್ರಕಾರರಾಗಿದ್ದ ಬಂಧು ಬಿ. ಬಿ. ಬೆನಗಲ್ ಅವರನ್ನು ಕಾಡಿ ಬೇಡಿ, ತಾನು ಸರ್ಪನೃತ್ಯ ಮಾಡುವ ಫೋಟೋಗಳನ್ನು ತೆಗೆಸಿಕೊಂಡದ್ದೂ ಆ ವಯಸ್ಸಿನಲ್ಲೇ.

ಮೆಟ್ರಿಕ್ ನಂತರ ಕಾಲೇಜಿಗೆ ಕಳಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಉದಯಶಂಕರರ ಅಲ್ಮೋರಾ ಕೇಂದ್ರದಲ್ಲಿ ನೃತ್ಯ ಕಲಿತರು. ಕಲ್ಕತ್ತದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿಯೂ ದುಡಿದರು. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ ಸೇರಿದರು. ಅಲ್ಲಿ ಗೆಳೆಯರಾದ ದೇವ್ ಆನಂದ್ ತಮ್ಮ ನವಕೇತನ್ ಸಂಸ್ಥೆಗಾಗಿ ಒಪ್ಪಿಸಿದ ‘ಬಾಜಿ’, 1951ರಲ್ಲಿ, ಗುರುದತ್ ನಿರ್ದೇಶನದ ಮೊದಲ ಚಿತ್ರವಾಯಿತು.

ಲೆನ್ಸಿನ ಕಥೆ ಶುರುವಾಗುವುದು ಇಲ್ಲಿಂದ. ಸಿನಿಮಾದಲ್ಲಿ 50 ಮಿಲಿಮೀಟರ್ ಲೆನ್ಸ್ ಸಾಮಾನ್ಯ ಬಳಕೆಯದು. ಅದರಲ್ಲಿ ಮುಖವನ್ನು ತೆರೆಯ ತುಂಬ ತೋರಿಸಬೇಕಾದರೆ ಕ್ಯಾಮೆರಾವನ್ನು ನಟರ ತೀರ ಸಮೀಪಕ್ಕೆ ಒಯ್ಯಬೇಕು. ಗುರುದತ್ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ 75 ಅಥವಾ 100 ಮಿಲಿಮೀಟರಿನ ಲೆನ್ಸ್ ಹಾಕಿಸಿದರು. ‘ಬಾಜಿ’ಯಲ್ಲಿ 100 ಮಿಲಿಮೀಟರಿನಿಂದ ತೆಗೆದ 14 ಕ್ಲೋಸ್‌ಅಪ್‌ಗಳನ್ನು ಬಲ್ಲವರು ಎಣಿಸಿದ್ದಾರೆ. ಈ ಬಗೆಯ ಕ್ಲೋಸ್‌ಅಪ್‌ಗೆ ಚಿತ್ರರಂಗದಲ್ಲಿ ‘ಗುರುದತ್ ಷಾಟ್’ ಎಂಬ ಹೆಸರೇ ಬಿತ್ತು. ಅಭಿನಯದ ಹೆಚ್ಚಿನ ಪಾಲು ಕಣ್ಣಿನಲ್ಲಿದೆ ಎಂಬುದು ಅವರ ನಂಬಿಕೆಯಾಗಿತ್ತು.

ಇದರ ಹಿಂದಿನ ಲೆಕ್ಕ ಸರಳ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ. ಕ್ಯಾಮೆರಾ ಮೂಗಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 52ರಲ್ಲಿರುತ್ತದೆ. ಕಿವಿಗೆ ಹೋಲಿಸಿದಾಗ ಮೂಗು ನೂರಕ್ಕೆ ಮೂವತ್ತರಷ್ಟು ಹೆಚ್ಚಿಗೆ ಉಬ್ಬಿ ಕಾಣುತ್ತದೆ. ಎರಡು ಮೀಟರ್ ಹಿಂದೆ ಸರಿದರೆ ಆ ವ್ಯತ್ಯಾಸ ನೂರಕ್ಕೆ ಆರಕ್ಕೆ ಇಳಿಯುತ್ತದೆ. ಮುಖವನ್ನು ತಿದ್ದುವುದು ಲೆನ್ಸ್ ಅಲ್ಲ, ದೂರ. ಆ ದೂರದಲ್ಲಿ ನಿಂತೂ ಮುಖವನ್ನು ಚೌಕಟ್ಟಿನ ತುಂಬ ತುಂಬಿಸಿಕೊಳ್ಳಲು ಉದ್ದನೆಯ ಲೆನ್ಸ್ ಬೇಕಾಗುತ್ತದೆ, ಅಷ್ಟೆ. ಜೊತೆಗೆ ಹಿನ್ನೆಲೆ ಮಸುಕಾಗಿ ಕಣ್ಣು ಮಾತ್ರ ನಿಚ್ಚಳವಾಗಿ ನಿಲ್ಲುತ್ತದೆ. ನಟಿಯ ಮುಖದೆದುರೇ ಯಂತ್ರ ಬಂದು ನಿಲ್ಲದಿರುವುದರಿಂದ ಆಕೆ ತನ್ನ ಭಾವದಲ್ಲಿ ಇರಬಲ್ಲಳು.

ಈ ದೃಷ್ಟಿಗೆ ಜೊತೆಯಾದವರು ಇನ್ನೊಬ್ಬ ಕನ್ನಡಿಗ, ವಿ. ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ‘ಬಾಜಿ’ಗೆ ಅವರು ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕರಾಗಿದ್ದರು. ಅಲ್ಲಿ ಅವರು ಸೂಚಿಸಿದ ಒಂದು ಕಠಿಣ ಷಾಟ್ ಗುರುದತ್‌ಗೆ ಹಿಡಿಸಿತು. 1952ರ ‘ಜಾಲ್’ನಿಂದ ಮೂರ್ತಿಯವರೇ ಅವರ ಛಾಯಾಗ್ರಾಹಕರು. ಮುಂದೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೂರ್ತಿ ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ.

1957ರ ‘ಪ್ಯಾಸಾ’ದಲ್ಲಿ ಬೀದಿಯಲ್ಲಿ ಕೀರ್ತನೆ ಕೇಳಿಬರುತ್ತಿರುವಾಗ ಗುಲಾಬೋ ವಿಜಯನ ಹಿಂದೆ ಮೆಟ್ಟಿಲೇರಿ ಮಹಡಿಗೆ ಬರುತ್ತಾಳೆ, ಅವನನ್ನು ಮುಟ್ಟುವುದಿಲ್ಲ. ವಹೀದಾ ರೆಹಮಾನ್ ಅವರ ಮುಖದಲ್ಲಿ ಆಸೆ ಮತ್ತು ಅಂಜಿಕೆ ಎರಡನ್ನೂ ನಾವು ಕಾಣುತ್ತೇವೆ. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ನಲ್ಲಿ ಭೂತನಾಥ ತಲೆ ತಗ್ಗಿಸಿ ಒಳಬರುತ್ತಾನೆ. ನಮಗೂ ಮೊದಲು ಕಾಣುವುದು ಛೋಟಿ ಬಹುವಿನ ಪಾದ. ಆಮೇಲೆ ಅವನು ಕಣ್ಣೆತ್ತಿದಾಗ ಮೀನಾಕುಮಾರಿಯವರ ಮುಖ. ಎದುರಿನವರ ಮುಖ ನೋಡುವುದಕ್ಕೆ ಒಂದು ಅರ್ಹತೆ ಬೇಕೆಂಬಂತೆ ಆ ದೃಶ್ಯವನ್ನು ಕಟ್ಟಲಾಗಿದೆ.

ನಡುವೆ 1959ರಲ್ಲಿ ಬಂದ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಗಲ ತೆರೆಗೆಂದು ಬಂದ ಆ ಕಾಲದ ಲೆನ್ಸ್‌ಗಳಿಗೆ ಒಂದು ದೋಷವಿತ್ತು: ತೀರ ಹತ್ತಿರದಿಂದ ತೆಗೆದರೆ ಕೆನ್ನೆ ಊದಿದಂತೆ ಮುಖ ಅಗಲವಾಗುತ್ತಿತ್ತು. ಗುರುದತ್‌ಗೆ ಅತ್ಯಂತ ಪ್ರಿಯವಾದದ್ದನ್ನೇ ಕಷ್ಟವಾಗಿಸುವ ಉಪಕರಣ ಅದು. ಮೂರ್ತಿಯವರು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಗೆ ಹಾಯಿಸಿ ನಿಲ್ಲಿಸಿದ ಬೆಳಕಿನ ಕಂಬದಲ್ಲಿ ಆ ಚಿತ್ರ ಇಂದಿಗೂ ಉಳಿದಿದೆ. ಆದರೆ ಅಂದು ಜನ ಅದನ್ನು ತಿರಸ್ಕರಿಸಿದರು. ಆ ನಂತರ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಲಿಲ್ಲ. 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ 39 ವರ್ಷ.

ಈಗ ನಮ್ಮ ತರುಣರ ಪ್ರಶ್ನೆಗೆ ಬರುತ್ತೇನೆ. ಸಿನಿಮಾ ಫಿಲ್ಮಿನ ಚೌಕಟ್ಟು ಸುಮಾರು 22x16 ಮಿಲಿಮೀಟರ್. ಸ್ಥಿರಚಿತ್ರದ ಪೂರ್ಣ ಚೌಕಟ್ಟು 36x24. ಹಾಗಾಗಿ ಗುರುದತ್ ಬಳಸಿದ ಸಂಖ್ಯೆಗಳನ್ನು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ಭಾವಚಿತ್ರಕ್ಕೆ 85ರಿಂದ 135 ಮಿಲಿಮೀಟರ್ ಒಪ್ಪುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದವರಿಗೆ ಅಗ್ಗದ 50 ಮಿಲಿಮೀಟರ್ ಲೆನ್ಸೇ 75–80ರ ಕೆಲಸ ಮಾಡುತ್ತದೆ, ಸಾಲ ಮಾಡಬೇಕಾಗಿಲ್ಲ. ವಧುವಿನ ಓಲೆ, ಮೂಗುತಿ, ಇಂಡಿಯ ನಿಂಬೆ ಹೂವಿನಂಥ ಸಣ್ಣ ವಸ್ತುಗಳನ್ನು ಇದ್ದ ಗಾತ್ರದಲ್ಲೇ ಹಿಡಿಯಬೇಕಾದರೆ ಮಾತ್ರ ಮ್ಯಾಕ್ರೋ ಲೆನ್ಸ್ ಬೇಕು. ಅದರಲ್ಲೂ 100ರ ಆಸುಪಾಸಿನದು ಮೇಲು. ಸ್ವಲ್ಪ ದೂರದಲ್ಲಿ ನಿಲ್ಲಬಹುದು, ನಮ್ಮದೇ ನೆರಳು ವಸ್ತುವಿನ ಮೇಲೆ ಬೀಳುವುದಿಲ್ಲ. ಅದೇ ಲೆನ್ಸ್ ಭಾವಚಿತ್ರಕ್ಕೂ ಆಗುತ್ತದೆ. ಒಂದನ್ನೇ ಕೊಳ್ಳಬಲ್ಲವರಿಗೆ ನನ್ನ ಸಲಹೆ ಅದು.

ಇದು ಕೇವಲ ಕಸುಬಿನ ಮಾತಲ್ಲ. ನಮ್ಮ ಹಳ್ಳಿಗಳ ಮನೆಗಳಲ್ಲಿ ದೇವರ ಪಟಗಳ ಪಕ್ಕದಲ್ಲಿ ಹಿರಿಯರ ಫೋಟೋ ಇರುತ್ತದೆ. ಹಿಂದೆ ಅದನ್ನು ಸ್ಟುಡಿಯೋದವರು ನಾಲ್ಕು ಹೆಜ್ಜೆ ದೂರ ನಿಂತು ತೆಗೆಯುತ್ತಿದ್ದರು. ಈಗ ಹಿರಿಯರು ತೀರಿಕೊಂಡ ದಿನ ಹುಡುಕಿದರೆ ಸಿಗುವುದು ಮೊಬೈಲಿನಲ್ಲಿ ಮೊಮ್ಮಗ ತೋಳಳತೆಯಲ್ಲಿ ತೆಗೆದ ಸೆಲ್ಫಿ, ಇಲ್ಲವೆ ಗುಂಪಿನ ಅಂಚಿನಲ್ಲಿ ಅಡ್ಡಕ್ಕೆ ಎಳೆದಂತಾದ ಮುಖ. ಅದನ್ನೇ ಕತ್ತರಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಹಾರ ಹಾಕುತ್ತಾರೆ. ಅವರನ್ನು ಕಾಣದ ಮಕ್ಕಳು ಅದೇ ಅಜ್ಜನ ಮುಖವೆಂದು ನಂಬಿ ಬೆಳೆಯುತ್ತಾರೆ. ಆದ್ದರಿಂದ ಮದುವೆಗೆ ಹೋದ ತರುಣರಿಗೆ ನಾನು ಹೇಳುವುದಿಷ್ಟು: ವಧೂವರರ ಕೆಲಸ ಮುಗಿದ ಮೇಲೆ, ಮೂಲೆಯಲ್ಲಿ ಕುಳಿತ ರುಮಾಲಿನ ಮುದುಕರನ್ನೂ ಸೆರಗು ಹೊದ್ದ ಮುದುಕಿಯರನ್ನೂ ಒಬ್ಬೊಬ್ಬರನ್ನಾಗಿ ಕಿಟಕಿಯ ಬೆಳಕಿಗೆ ಕೂರಿಸಿ, ಎರಡು ಮೀಟರ್ ಹಿಂದೆ ಸರಿದು, ಕಣ್ಣಿಗೆ ಫೋಕಸ್ ಇಟ್ಟು ಒಂದೊಂದು ಚಿತ್ರ ತೆಗೆಯಿರಿ. ಮೊಬೈಲ್ ಮಾತ್ರ ಇದ್ದವರೂ ಹಾಗೆಯೇ ಹಿಂದೆ ಸರಿದು, ಅದರ ಎರಡರಷ್ಟು ಅಥವಾ ಮೂರರಷ್ಟಿನ ಲೆನ್ಸ್ ಬಳಸಲಿ. ಆ ಮನೆಯವರಿಗೆ ಒಂದು ದಿನ ಬೇಕಾಗುವುದು ಆ ಚಿತ್ರವೇ.