ಮೊಸರನ್ನು ಪ್ರಯೋಗಶಾಲೆಗೆ ಒಯ್ದ ಇಲ್ಯಾ ಮೆಚ್ನಿಕಾಫ್

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಹಾಲಿಗೆ ಹೆಪ್ಪು ಹಾಕುವ ಉದಾಹರಣೆಯನ್ನು ತಪ್ಪದೇ ಕೊಡುತ್ತಾರೆ. ರೊಟ್ಟಿ ಮೊಸರು ಉಂಡು ಬರುವ ಮಕ್ಕಳಿಗೆ ಅದು ಗೊತ್ತಿರುವ ಸಂಗತಿ. ಮೊಸರಿನ ಬ್ಯಾಕ್ಟೀರಿಯ ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ? ಈ ಪ್ರಶ್ನೆಯನ್ನು ವಿಜ್ಞಾನದ ಮುಂದೆ ಬಲವಾಗಿ ಇಟ್ಟವರು ಮೆಚ್ನಿಕಾಫ್.

ಅವರು ಹುಟ್ಟಿದ್ದು 1845ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಸಮೀಪ. ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದ ಚುರುಕು ಹುಡುಗ. ಮೊದಲ ಹೆಂಡತಿ ಲುಡ್ಮಿಲಾ ಕ್ಷಯದಿಂದ ಎಷ್ಟು ಬಳಲಿದ್ದರೆಂದರೆ, ಮದುವೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫ್ ಬಹುಕಾಲ ಕುಸಿದುಹೋಗಿದ್ದರು. ರೋಗದೊಡನೆ ದೇಹ ಹೇಗೆ ಹೋರಾಡುತ್ತದೆ ಎಂಬ ಪ್ರಶ್ನೆ ಅವರಿಗೆ ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರ ಮೀನಿನ ಪಾರದರ್ಶಕ ಮರಿಗಳಿಗೆ ಸಣ್ಣ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ನುಗ್ಗಿದ್ದನ್ನು ನುಂಗುವ ಭಕ್ಷಕ ಕೋಶಗಳ ಸಿದ್ಧಾಂತ ಇಲ್ಲಿಂದ ಬೆಳೆಯಿತು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. 1908ರಲ್ಲಿ ಪಾಲ್ ಎರ್ಲಿಶ್ ಜೊತೆ ನೊಬೆಲ್ ಹಂಚಿಕೊಂಡರು. (ನೊಬೆಲ್ ಬಂದದ್ದು ಮೊಸರಿಗಲ್ಲ, ಪಾಠಯೋಜನೆ ಬರೆಯುವಾಗ ಇದನ್ನು ಗಮನಿಸಿ.)

ವಯಸ್ಸಾದಂತೆ ಅವರ ಗಮನ ಮುಪ್ಪಿನತ್ತ ಹರಿಯಿತು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ವಿಷ ಹುಟ್ಟುತ್ತದೆ, ಅದೇ ನಮ್ಮನ್ನು ಬೇಗ ಮುದುಕರನ್ನಾಗಿಸುತ್ತದೆ ಎಂದು ನಂಬಿದರು. ಹುಳಿ ಹಾಲು ಕುಡಿಯುವ ಬಲ್ಗೇರಿಯದ ರೈತರು ಬಹುಕಾಲ ಬದುಕುತ್ತಾರೆಂಬ ಮಾತು ಅವರ ಕಿವಿಗೆ ಬಿದ್ದಿತ್ತು. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯದ ತರುಣ ಆ ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಗುರುತಿಸಿದ. ಲ್ಯಾಕ್ಟಿಕ್ ಆಮ್ಲ ಕೊಳೆಸುವ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ ಎಂಬುದು ಮೆಚ್ನಿಕಾಫರ ತರ್ಕ. ತಾವೂ ದಿನಾಲು ಹುಳಿ ಹಾಲು ಕುಡಿದರು. ಯುರೋಪಿನಲ್ಲಿ ಅದರ ಮಾರಾಟ ಜೋರಾಯಿತು.

ಇಲ್ಲಿ ಶಿಕ್ಷಕರು ಸ್ವಲ್ಪ ನಿಲ್ಲಬೇಕು. ರೈತರು ಹೆಚ್ಚು ಬದುಕಿದ್ದು ಮೊಸರಿನಿಂದಲೇ ಎಂದು ಅವರು ತೋರಿಸಿರಲಿಲ್ಲ. ಎರಡು ಸಂಗತಿ ಒಟ್ಟಿಗೆ ಕಂಡವು, ಅಷ್ಟೇ. ಆ ಬ್ಯಾಕ್ಟೀರಿಯ ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲವೆಂದು ಮುಂದೆ ತಿಳಿಯಿತು. ದೊಡ್ಡ ಕರುಳನ್ನು ಅವರು ಬೇಡದ ಅಂಗವೆಂದು ಬಗೆದದ್ದಂತೂ ತಪ್ಪೇ: ಅಲ್ಲಿಯ ಬ್ಯಾಕ್ಟೀರಿಯಗಳು ನಮಗೆ ಜೀರ್ಣವಾಗದ ನಾರನ್ನು ಹುದುಗಿಸಿ ಕರುಳಿನ ಗೋಡೆಗೆ ಆಹಾರ ಒದಗಿಸುತ್ತವೆ. ಆದರೆ ಈ ವಿಚಾರದ ಪ್ರಭಾವದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆರ್ಬುತ್ನಾಟ್ ಲೇನ್ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ದೊಡ್ಡವರ ಊಹೆಯನ್ನು ಸಾಬೀತಾದ ಸತ್ಯವೆಂದು ಹಿಡಿದವರಿಂದ ಹೀಗೂ ಆಗುತ್ತದೆ.

ಹಾಗೆಂದು ಮೂಲ ವಿಚಾರ ಸಾಯಲಿಲ್ಲ. ಅದೇ ಪಾಶ್ಚರ್ ಸಂಸ್ಥೆಯ ಆನ್ರಿ ಟಿಸಿಯೆ ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಬೈಫಿಡೋಬ್ಯಾಕ್ಟೀರಿಯ ಕಂಡಿದ್ದರು. ಇಂದು ಪ್ರೋಬಯಾಟಿಕ್ ಎನ್ನಬೇಕಾದರೆ ಜೀವಂತ ಸೂಕ್ಷ್ಮಜೀವಿ ಸಾಕಷ್ಟು ಪ್ರಮಾಣದಲ್ಲಿದ್ದು ಆರೋಗ್ಯಕ್ಕೆ ಪ್ರಯೋಜನ ಕೊಟ್ಟದ್ದು ರುಜುವಾಗಬೇಕು. ಅದೂ ಒಂದೊಂದು ತಳಿಗೆ ಬೇರೆ ಬೇರೆಯಾಗಿ. ಮನೆಯ ಮೊಸರು ಒಳ್ಳೆಯ ಆಹಾರ, ಆದರೆ ವಾಂತಿಭೇದಿಗೆ ಅದೇ ಮದ್ದೆಂದು ತರಗತಿಯಲ್ಲಿ ಹೇಳಬಾರದು. ಮಗುವಿಗೆ ಭೇದಿಯಾದಾಗ ಮೊದಲು ಬೇಕಾದದ್ದು ಓಆರ್‌ಎಸ್. ಕುದಿಸಿದ ಮಜ್ಜಿಗೆ ಸಾರಿನಲ್ಲಿ ಬ್ಯಾಕ್ಟೀರಿಯ ಬದುಕಿರುತ್ತವೆಯೇ ಎಂದು ಮಕ್ಕಳನ್ನು ಕೇಳಿ ನೋಡಿ, ಚರ್ಚೆ ತಾನೇ ಬೆಳೆಯುತ್ತದೆ.

ಮೆಚ್ನಿಕಾಫ್ 1916ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಹೃದಯ ರೋಗದಿಂದ ತೀರಿಕೊಂಡರು. ಆಗ ಅವರಿಗೆ 71 ವರ್ಷ. ಅವರ ಚಿತಾಭಸ್ಮ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ.