ಎಂಜಿನಿಯರ್ ಕಾಸ್ಟಿಗ್ಲಿಯಾನೊ ಮಹಾಶಯರು

ಬೆಳಗೋಡು ಸೀಮೆಯವರಾದ ನಾವು ಆಲೂರು, ಸಕಲೇಶಪುರಗಳನ್ನು ಹಾದು ಸುಬ್ರಹ್ಮಣ್ಯದ ಕಡೆಗೆ ಘಟ್ಟವನ್ನಿಳಿಯುವ ರೈಲುದಾರಿಯ ಸೇತುವೆಗಳನ್ನು ಕಂಡು ಬೆರಗಾಗುವೆವು. ಸೇತುವೆಯ ಯಾವ ಅಂಗವು ಎಷ್ಟು ಭಾರವನ್ನು ಹೊರುವುದೆಂದು ಲೆಕ್ಕಹಾಕುವ ಶಾಸ್ತ್ರಕ್ಕೆ ಬಲವಾದ ಅಡಿಪಾಯವಿಟ್ಟವರಲ್ಲಿ ಇಟಲಿ ದೇಶದ ಕಾರ್ಲೊ ಆಲ್ಬರ್ಟೊ ಕಾಸ್ಟಿಗ್ಲಿಯಾನೊ ಎಂಬವರೊಬ್ಬರು.

ಇವರು 1847ನೆಯ ಇಸವಿ ನವೆಂಬರ್ 9ರಂದು ಆಸ್ಟಿ ಎಂಬ ಪಟ್ಟಣದಲ್ಲಿ ಜನಿಸಿದರು. ಕೆಲವು ವರ್ಷ ಉಪಾಧ್ಯಾಯವೃತ್ತಿಯಲ್ಲಿದ್ದು, 1870ರಲ್ಲಿ ಟ್ಯೂರಿನ್ ನಗರದ ಎಂಜಿನಿಯರಿಂಗ್ ವಿದ್ಯಾಲಯವನ್ನು ಸೇರಿದರು. 1873ರಲ್ಲಿ ಪದವಿಗಾಗಿ ಒಪ್ಪಿಸಿದ ಪ್ರಬಂಧವೇ ಇವರ ಕೀರ್ತಿಗೆ ಮೂಲವಾಯಿತು.

ಅದರ ತಿರುಳು ಇಷ್ಟೇ. ಮುಕ್ಕಾಲಿಯ ಮೇಲೆ ಕೊಡವನ್ನಿಟ್ಟರೆ ಪ್ರತಿಯೊಂದು ಕಾಲಿನ ಪಾಲನ್ನೂ ಸಮತೋಲದ ನಿಯಮವೊಂದರಿಂದಲೇ ತಿಳಿಯಬಹುದು. ನಾಲ್ಕು ಕಾಲಿನ ಮೇಜಿನಲ್ಲಿ ಹಾಗಾಗದು. ಸಮತೋಲವು ಕೆಡದಂತೆ ಭಾರವನ್ನು ಹಂಚುವ ಬಗೆಗಳು ಅಲ್ಲಿ ಅಸಂಖ್ಯವಾಗಿವೆ. ಬಾಗಿ ಬಳುಕುವ ವಸ್ತುವು ತನ್ನೊಳಗೆ ಕೂಡಿಟ್ಟುಕೊಳ್ಳುವ ಶಕ್ತಿಯು ಯಾವ ಹಂಚಿಕೆಯಲ್ಲಿ ಅತ್ಯಲ್ಪವೋ ಅದೇ ನಿಜವಾದ ಹಂಚಿಕೆಯೆಂದು ಇವರು ಸಾಧಿಸಿ ತೋರಿಸಿದರು.

ಈ ತತ್ತ್ವವನ್ನು ಜನರಲ್ ಮೆನಾಬ್ರೆಯಾ ಎಂಬವರು 1858ರಲ್ಲಿಯೇ ಸಾರಿದ್ದರು. ಆದರೆ ಅವರ ತರ್ಕದಲ್ಲಿ ಲೋಪವಿದ್ದಿತು. 1875ರಲ್ಲಿ ಅವರು ಕಾಸ್ಟಿಗ್ಲಿಯಾನೊರವರ ಫಲಗಳನ್ನು ಬಳಸಿಕೊಂಡು, ಇವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಮಾತ್ರ ಸೂಚಿಸಿದರು. ಅವರು ಇಟಲಿಯ ಪ್ರಧಾನಮಂತ್ರಿಯಾಗಿದ್ದವರು. ಇವರು ರೈಲ್ವೆಯ ತರುಣ ನೌಕರರು. ಆದರೂ ಇವರು ಆಕ್ಷೇಪಿಸದೆ ಬಿಡಲಿಲ್ಲ. ವಿದ್ವತ್ಸಭೆಯು ಇವರ ಪರಿಶ್ರಮವನ್ನು ಮೆಚ್ಚಿತಾದರೂ ತತ್ತ್ವದ ಕೀರ್ತಿಯನ್ನು ಮೆನಾಬ್ರೆಯಾರವರಿಗೇ ಉಳಿಸಿತು. ಕಾಸ್ಟಿಗ್ಲಿಯಾನೊರವರು ರೈಲ್ವೆಯ ಕೆಲಸದಲ್ಲಿದ್ದುಕೊಂಡೇ 1879ರಲ್ಲಿ ತಮ್ಮ ಸಿದ್ಧಾಂತವನ್ನು ಅನೇಕ ಉದಾಹರಣೆಗಳೊಡನೆ ಫ್ರೆಂಚ್ ಭಾಷೆಯಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. 1884ನೆಯ ಅಕ್ಟೋಬರ್ 25ರಂದು, ಇನ್ನೂ ಮೂವತ್ತಾರರ ಪ್ರಾಯದಲ್ಲಿ, ಮಿಲಾನ್ ನಗರದಲ್ಲಿ ಕಾಲವಾದರು.

ನಮ್ಮ ವಿದ್ಯಾರ್ಥಿನಿಯರು ಅರಿಯತಕ್ಕ ಸಂಗತಿ ಇನ್ನೊಂದುಂಟು. ಬ್ಯಾಬೇಜರ ಗಣನಯಂತ್ರವನ್ನು ಕುರಿತು ಇದೇ ಮೆನಾಬ್ರೆಯಾ ಬರೆದ ಲೇಖನವನ್ನು 1843ರಲ್ಲಿ ಇಂಗ್ಲಿಷಿಗೆ ತಂದು, ಮೂಲಕ್ಕಿಂತ ದೀರ್ಘವಾದ ಟಿಪ್ಪಣಿಗಳನ್ನು ರಚಿಸಿದವರು ಏಡಾ ಲವ್‌ಲೇಸ್ ಎಂಬ ಮಹಿಳೆ. ಇಂದು ಕಟ್ಟಡವನ್ನು ಸಹಸ್ರಾರು ಕಿರುಭಾಗಗಳಾಗಿ ವಿಂಗಡಿಸಿ ಗಣಕಯಂತ್ರದಿಂದ ಲೆಕ್ಕಹಾಕುವರು. ಮೊದಲು ಬಾಗುವಿಕೆಯನ್ನು ಕಂಡುಹಿಡಿಯುವುದು ಹೆಚ್ಚು ಬಳಕೆಯ ದಾರಿ. ಒಳಗಿನ ಬಲಗಳನ್ನೇ ಮೊದಲು ಅರಸುವ ದಾರಿಯು ಕಾಸ್ಟಿಗ್ಲಿಯಾನೊರವರ ತತ್ತ್ವವನ್ನು ಆಶ್ರಯಿಸಿದೆ. ಎರಡರ ಉತ್ತರಗಳನ್ನೂ ಹೋಲಿಸಿದರೆ ಲೆಕ್ಕದ ದೋಷವೆಷ್ಟೆಂಬುದು ತಿಳಿಯುವುದು.

ಸಭೆಯ ತೀರ್ಪು ಏನೇ ಇರಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಮ್ಮ ಹೆಣ್ಣುಮಕ್ಕಳ ಪಾಠಪುಸ್ತಕದಲ್ಲಿ ಸಿದ್ಧಾಂತಕ್ಕೆ ನಿಂತಿರುವ ಹೆಸರು ಈ ರೈಲ್ವೆ ನೌಕರರದೇ.